ಗಿಡುಗದ ಎದೆಯೊಳಗಿನ ಬೂಷ್ಟು

ಯುಎಇ ಲಾಂಛನದಲ್ಲಿ ಗಿಡುಗವಿದೆ, ಕುವೈತಿನ ಲಾಂಛನದಲ್ಲೂ ಇದೆ. ಕಣ್ಣಿಗೆ ಚರ್ಮದ ಟೊಪ್ಪಿಗೆ ತೊಟ್ಟು ಯಜಮಾನನ ಕೈಮೇಲೆ ಗಂಭೀರವಾಗಿ ಕುಳಿತ ಗಿಡುಗವನ್ನು ಇಲ್ಲಿರುವ ನಮ್ಮಲ್ಲಿ ಹಲವರು ವಿಮಾನ ನಿಲ್ದಾಣದಲ್ಲೇ ನೋಡಿದ್ದೇವೆ. ಅದಕ್ಕೆ ಸ್ವಂತ ಪಾಸ್‌ಪೋರ್ಟ್ ಇದೆ ಎಂದು ಊರಿಗೆ ಹೋದಾಗ ಹೇಳಿದರೆ ನಂಬುವವರು ಕಡಿಮೆ. ಇಷ್ಟು ಮರ್ಯಾದೆಯ ಹಕ್ಕಿ ಬಹಳ ಸಲ ಸಾಯುವುದು ಮಾತ್ರ ಒಂದು ಬೂಷ್ಟಿನಿಂದ. ಹಳಸಿದ ರೊಟ್ಟಿ, ಮುಗ್ಗಿದ ಹುಲ್ಲು, ಕೊಳೆತ ಎಲೆ ಎಲ್ಲೆಂದರಲ್ಲಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅದು. ಅದರಿಂದ ಬರುವ ರೋಗ ಆಸ್ಪರ್ಜಿಲೋಸಿಸ್.

ಈ ರೋಗದ ಚರಿತ್ರೆಯಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಮನುಷ್ಯನ ಕಾಯಿಲೆಯನ್ನು ಮೊದಲು ಅರಿತು, ಆಮೇಲೆ ಪ್ರಾಣಿಗಳಲ್ಲಿ ಹುಡುಕುವುದು ವಾಡಿಕೆ. ಇಲ್ಲಿ ಹಕ್ಕಿಯೇ ಮೊದಲು, ಮನುಷ್ಯ ನಂತರ.

ಹೆಸರು ಬಂದದ್ದು 1729ರಲ್ಲಿ. ಫ್ಲಾರೆನ್ಸಿನ ಸಸ್ಯಶಾಸ್ತ್ರಜ್ಞ ಮಿಕೇಲಿ ಸೂಕ್ಷ್ಮದರ್ಶಕದಲ್ಲಿ ಈ ಬೂಷ್ಟನ್ನು ನೋಡಿದಾಗ, ಚರ್ಚಿನಲ್ಲಿ ಪಾದ್ರಿ ತೀರ್ಥ ಪ್ರೋಕ್ಷಿಸುವ ಸಾಧನ ಅವನ ನೆನಪಿಗೆ ಬಂತು. ಆ ಸಾಧನದ ಲ್ಯಾಟಿನ್ ಹೆಸರನ್ನೇ ಇಟ್ಟ. ಪ್ರೋಕ್ಷಣೆಯ ಹೆಸರು ಹೊತ್ತ ಇದು ಚಿಮುಕಿಸುವುದು ತೀರ್ಥವನ್ನಲ್ಲ ಎಂಬುದು ಗೊತ್ತಾಗಲು ಇನ್ನೂ ಎಂಬತ್ತಾರು ವರ್ಷ ಬೇಕಾಯಿತು. 1815ರಲ್ಲಿ ಮೇಯರ್ ಮತ್ತು ಎಮ್ಮರ್ಟ್ ಎಂಬ ಜರ್ಮನರು ಕಾಗೆಯ ಬಳಗದ ಒಂದು ಹಕ್ಕಿಯ ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿರುವುದನ್ನು ವರ್ಣಿಸಿದರು. ಮನುಷ್ಯನ ಶ್ವಾಸಕೋಶದಲ್ಲಿ ಇಂಥದ್ದನ್ನು ಎಡಿನ್‌ಬರೋದ ವೈದ್ಯ ಬೆನೆಟ್ ವರದಿ ಮಾಡಿದ್ದು 1842ರಲ್ಲಿ. 1863ರಲ್ಲಿ ಫ್ರಾಂಕ್‌ಫರ್ಟಿನ ಫ್ರೆಸೇನಿಯಸ್, ಇವುಗಳಲ್ಲೇ ಅತಿ ಅಪಾಯಕಾರಿಯಾದ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಜಾತಿಯನ್ನು ಗುರುತಿಸಿ ಹೆಸರಿಟ್ಟ. ಅವನಿಗೆ ಅದು ಸಿಕ್ಕಿದ್ದು ಒಂದು ಎರ್ಲಡ್ಡು ಹಕ್ಕಿಯ ಶ್ವಾಸಕೋಶದಲ್ಲಿ. ನಮ್ಮ ಬಳ್ಳಾರಿ ಕಡೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡಿನ ಯುರೋಪಿನ ದಾಯಾದಿ ಅದು. ಅರಬರ ಗಿಡುಗ ತಲೆಮಾರುಗಳಿಂದ ಬೆನ್ನಟ್ಟಿದ ಹುಬಾರಾ ಕೂಡ ಅದೇ ಕುಲದ್ದು. ಬೇಟೆಗಾರನನ್ನು ಕೊಲ್ಲುವ ರೋಗ ಮೊದಲು ಹೆಸರು ಪಡೆದದ್ದು ಬೇಟೆಯ ಬಂಧುವಿನ ಎದೆಯಲ್ಲಿ!

1890ರಲ್ಲಿ ಪ್ಯಾರಿಸ್ಸಿನ ಮೂವರು ವೈದ್ಯರು ಒಂದು ವಿಚಿತ್ರ ಕಸುಬಿನವರನ್ನು ಪರೀಕ್ಷಿಸಿದರು. ಪಾರಿವಾಳಗಳನ್ನು ಕೊಬ್ಬಿಸುವವರು ಅವರು. ಕಾಳು ನೀರನ್ನು ತಮ್ಮ ಬಾಯಲ್ಲಿ ತುಂಬಿಕೊಂಡು, ಹಕ್ಕಿಯ ಕೊಕ್ಕಿಗೆ ಬಾಯಿಟ್ಟು ಊದುವುದು ಅವರ ಕೆಲಸ. ಕೆಮ್ಮಿ ರಕ್ತ ಉಗುಳುತ್ತಿದ್ದ ಅವರಿಗೆ ಕ್ಷಯ ಎಂದೇ ಎಲ್ಲರೂ ತಿಳಿದಿದ್ದರು. ಕಫದಲ್ಲಿ ಕಂಡದ್ದು ಕಾಳಿನ ಬೂಷ್ಟು. ಕೂದಲಿನ ಜಿಡ್ಡು ತೆಗೆಯಲು ಹಿಟ್ಟು ಬಳಸಿ ದಿನವಿಡೀ ಬಾಚುತ್ತಿದ್ದ ಕೂಲಿಗಳಲ್ಲೂ ಮುಂದೆ ಇದೇ ಕಾಣಿಸಿತು. ಹೊಟ್ಟೆಪಾಡಿಗೆ ಧೂಳು ಕುಡಿಯುವವರ ಕಾಯಿಲೆಗೆ ಹೆಸರು ಸಿಗಲು ಯಾವಾಗಲೂ ತಡ.

ಹಕ್ಕಿಗೇ ಏಕೆ ಇಷ್ಟು ಕಾಟ? ಕಾರಣ ಅದರ ಉಸಿರಾಟದ ರಚನೆ. ನಮ್ಮ ಹಾಗೆ ಅದಕ್ಕೆ ವಪೆಯಿಲ್ಲ, ಗಟ್ಟಿಯಾಗಿ ಕೆಮ್ಮಿ ಹೊರಹಾಕಲಾರದು. ಶ್ವಾಸಕೋಶದ ಜೊತೆಗೆ ಮೈತುಂಬ ತೆಳುವಾದ ಗಾಳಿಚೀಲಗಳಿವೆ. ಒಳಗೆ ಬಂದ ಹೊಸ ಗಾಳಿಯ ಬಹುಪಾಲು ಮೊದಲು ಹಿಂಭಾಗದ ಚೀಲಗಳಿಗೇ ಹೋಗುತ್ತದೆ. ಅಲ್ಲಿ ರಕ್ತ ಸಂಚಾರ ಕಡಿಮೆ, ಎಂದರೆ ಕಾವಲುಗಾರರೂ ಕಡಿಮೆ. ಎರಡು ಮೂರು ಮೈಕ್ರಾನ್ ಗಾತ್ರದ ಬೀಜಕ ಅಲ್ಲಿ ಕುಳಿತರೆ ಬೆಚ್ಚಗೆ ಮೊಳೆಯುತ್ತದೆ. ಹಕ್ಕಿಯ ಮೈಶಾಖ 40 ಡಿಗ್ರಿ ದಾಟಿದರೂ ಫ್ಯೂಮಿಗೇಟಸ್ಸಿಗೆ ಅದು ಲೆಕ್ಕಕ್ಕಿಲ್ಲ; ಗೊಬ್ಬರದ ಗುಂಡಿಯ ಬಿಸಿಯಲ್ಲೂ ಬೆಳೆಯುವ ಜೀವಿ ಅದು. ಇತರ ಪ್ರಾಣಿಗಳಿಗೂ ಇದು ತಪ್ಪಿದ್ದಲ್ಲ. ಮುಗ್ಗಿದ ಮೇವು ತಿಂದ ಹಸು ಕಂದು ಹಾಕುತ್ತದೆ. ಕುದುರೆಯ ಗಂಟಲ ಪಕ್ಕದ ಚೀಲದಲ್ಲಿ ಬೆಳೆದು ರಕ್ತನಾಳವನ್ನೇ ಕೊರೆದುಬಿಡುವುದೂ ಉಂಟು. ಮೃಗಾಲಯದ ಪೆಂಗ್ವಿನ್‌ಗಳಿಗಂತೂ ಇದು ಮೃತ್ಯುವೇ.

ಗಿಡುಗ ಸಾಕುವವರು ಉಸಿರಿನ ಕಾಯಿಲೆಗಳನ್ನು ಬೂಷ್ಟಿನ ಹೆಸರು ತಿಳಿಯುವ ಮೊದಲೇ ಬಲ್ಲರು. ಉಮಯ್ಯದ್ ಖಲೀಫರ ಕಾಲದ ಅಲ್ ಘಿತ್ರೀಫನ ಹೆಸರಿನ ಅರಬಿ ಗ್ರಂಥದಲ್ಲಿ ಹಕ್ಕಿಗಳ ರೋಗ ಮತ್ತು ಮದ್ದಿನ ಅಧ್ಯಾಯಗಳಿವೆ. 13ನೇ ಶತಮಾನದ ಚಕ್ರವರ್ತಿ ಎರಡನೇ ಫ್ರೆಡರಿಕ್, ಮೊಅಮಿನ್ ಎಂಬವನ ಅರಬಿ ಪುಸ್ತಕವನ್ನು ಲ್ಯಾಟಿನ್ನಿಗೆ ಮಾಡಿಸಿ, 1240-41ರ ಫಯೆಂಜಾ ಮುತ್ತಿಗೆಯ ಬಿಡಾರದಲ್ಲಿ ಕುಳಿತು ತಿದ್ದಿದ. ನಾವೂ ಹಿಂದೆ ಬಿದ್ದವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದ ರಾಜವಿನೋದಗಳಲ್ಲಿ ಶ್ಯೇನವಿನೋದವೂ ಒಂದು. ವಿಜಯನಗರದ ಎರಡನೇ ರಾಜವಂಶದ ಹೆಸರಾದ ಸಾಳುವ ಎಂದರೂ ಬೇಟೆಯ ಗಿಡುಗವೇ.

ಈಗ ಕೊಲ್ಲಿಗೆ ಬರೋಣ. ಬೆದೂಯಿನರ ಪದ್ಧತಿ ಸರಳವಾಗಿತ್ತು. ಶರತ್ಕಾಲದಲ್ಲಿ ವಲಸೆ ಹೋಗುವ ಶಾಹೀನ್ ಅಥವಾ ಹುರ್ರ್ ಗಿಡುಗವನ್ನು ಹಿಡಿದು, ಕೆಲವೇ ವಾರಗಳಲ್ಲಿ ಪಳಗಿಸಿ, ಚಳಿಗಾಲವಿಡೀ ಬೇಟೆಯಾಡಿ, ವಸಂತದಲ್ಲಿ ಬಿಟ್ಟುಬಿಡುವುದು. ಬೇಸಿಗೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಡೇರೆಯಲ್ಲಿ ಕಷ್ಟವಾಗಿತ್ತು. ಬಡತನದ ಪದ್ಧತಿ ಎನ್ನಿ, ಆದರೆ ಹಕ್ಕಿ ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಕೂರುವ ಪ್ರಸಂಗವೇ ಇರಲಿಲ್ಲ. ತೈಲದ ಹಣದೊಂದಿಗೆ ಏರ್‌ಕಂಡಿಷನರ್ ಬಂತು, ಬೇಸಿಗೆಯಲ್ಲೂ ಹಕ್ಕಿ ಒಳಗೇ ಉಳಿಯಿತು. ಉತ್ತರ ಧ್ರುವದ ಸೀಮೆಯ ಬಿಳಿಯ ಜೈರ್ ಗಿಡುಗಗಳಿಗೆ ಬೇಡಿಕೆ ಬಂತು. ಬೂಷ್ಟು ಕಡಿಮೆ ಇರುವ ಹಿಮದ ಗಾಳಿಯಲ್ಲಿ ಬೆಳೆದ ತಳಿ ಅದು; ದೂರದ ಪ್ರಯಾಣ, ಬಿಸಿಲು, ಹೊಸ ಕೈ, ಗಾಳಿಯಾಡದ ಕೋಣೆ ಇಷ್ಟೂ ಸೇರಿದರೆ ಬೀಜಕಕ್ಕೆ ಬಾಗಿಲು ತೆರೆದಂತೆ. ಬೂಷ್ಟು ಮೊದಲೂ ಇತ್ತು, ಬದಲಾದದ್ದು ನಾವು ಹಕ್ಕಿಯನ್ನು ಇಟ್ಟುಕೊಂಡ ರೀತಿ ಎಂದೇ ನನ್ನ ಅನಿಸಿಕೆ. 1995ರಲ್ಲಿ ಶೇಖ್ ಜಾಯೆದ್ ಹಕ್ಕಿಗಳನ್ನು ಮರಳಿ ಬಿಡುವ ಯೋಜನೆ ಆರಂಭಿಸಿದಾಗ ಹಳೆಯ ಪದ್ಧತಿಗೆ ಒಂದಿಷ್ಟು ಮರುಜೀವ ಬಂತು.

ಆದರೆ ಈ ಸಂಕಟವೇ ಕೊಲ್ಲಿಯನ್ನು ಗಿಡುಗ ವೈದ್ಯದ ರಾಜಧಾನಿಯಾಗಿಸಿತು. ದುಬೈಯಲ್ಲಿ 1983ರಲ್ಲಿ, ಅಬುಧಾಬಿಯಲ್ಲಿ 1999ರಲ್ಲಿ ಗಿಡುಗಗಳಿಗೇ ಮೀಸಲಾದ ಆಸ್ಪತ್ರೆಗಳು ಬಂದವು. ದೋಹಾದ ಸೂಕ್ ವಾಕಿಫ್‌ನಲ್ಲೂ ಒಂದಿದೆ. ಬೇಟೆಯ ಹಕ್ಕಿ ತನ್ನ ನೋವು ತೋರಿಸುವುದಿಲ್ಲ. ಹಾರಿ ಬಂದ ಮೇಲೆ ಏದುಸಿರು ನಿಧಾನವಾಗಿ ಇಳಿಯುವುದು, ಕೂಗಿನ ದನಿ ಒಡೆಯುವುದು, ಇಷ್ಟೇ ಸುಳಿವು. ಮಿಕ್ಕ ಲಕ್ಷಣ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಕೈಮೀರಿರುತ್ತದೆ. ಹಾಗಾಗಿ ವೈದ್ಯರು ಹಕ್ಕಿಗೆ ಅರಿವಳಿಕೆ ಕೊಟ್ಟು, ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ, ಎಂಡೋಸ್ಕೋಪನ್ನು ಗಾಳಿಚೀಲದೊಳಗೆ ಇಳಿಸಿ ನೋಡುತ್ತಾರೆ. ಆರೋಗ್ಯವಂತ ಚೀಲ ಗಾಜಿನ ಹಾಳೆಯಂತೆ ಪಾರದರ್ಶಕ. ರೋಗ ಬಂದದ್ದರಲ್ಲಿ ಹಳದಿ ಗಡ್ಡೆ, ಅದರ ಮೇಲೆ ಹಸಿರು ಬೂದಿ ಬಣ್ಣದ ಬೂಷ್ಟು.

ಮದ್ದುಗಳಲ್ಲಿ ಹಳೆಯದು ಆಂಫೋಟೆರಿಸಿನ್. 1950ರ ದಶಕದಲ್ಲಿ ವೆನೆಜುವೆಲಾದ ಒರಿನೋಕೊ ನದಿ ಪ್ರದೇಶದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿ ಅದರ ಮೂಲ. 2021ರಲ್ಲಿ ಕೋವಿಡ್ ಬೆನ್ನಲ್ಲೇ ಕಪ್ಪು ಶಿಲೀಂಧ್ರ ಬಂದಾಗ ಬೆಂಗಳೂರಿನ ಔಷಧಿ ಅಂಗಡಿಗಳಲ್ಲಿ ಜನ ಹುಡುಕಿ ಅಲೆದದ್ದು ಇದೇ ಇಂಜೆಕ್ಷನ್ನಿಗೆ. ಆ ಶಿಲೀಂಧ್ರ ಬೇರೆ ಬಳಗದ್ದು, ಮದ್ದು ಮಾತ್ರ ಒಂದೇ. ಆಮೇಲೆ ಬಂದ ಅಜೋಲ್ ವರ್ಗದ ಇಟ್ರಾಕೊನಜೋಲ್, ವೊರಿಕೊನಜೋಲ್‌ಗಳು ಗಿಡುಗಗಳ ಪಾಲಿಗೆ ದೊಡ್ಡ ಆಸರೆಯಾದವು. ವೊರಿಕೊನಜೋಲ್ ಕೊಟ್ಟು ಗಿಡುಗಗಳನ್ನು ಉಪಚರಿಸಿದ ಅನುಭವವನ್ನು ದುಬೈಯ ವೈದ್ಯರು 2007ರಲ್ಲಿ ಪ್ರಕಟಿಸಿದ್ದಾರೆ.

ಈಗಿನ ಚಿಂತೆ ಈ ಅಜೋಲ್‌ಗಳದೇ. ಅದೇ ವರ್ಗದ ರಾಸಾಯನಿಕಗಳನ್ನು ಬೆಳೆಗಳ ಮೇಲೂ ಸಿಂಪಡಿಸುತ್ತಾರೆ. ಹೊಲದ ಕಸದಲ್ಲಿ ಬೆಳೆಯುವ ಆಸ್ಪರ್ಜಿಲಸ್ ಅಲ್ಲೇ ಅವುಗಳಿಗೆ ಒಗ್ಗಿಕೊಳ್ಳುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ಮೊದಲು ಗಮನಕ್ಕೆ ಬಂದ ಇಂಥ ಮದ್ದು ಬಗ್ಗದ ಬೂಷ್ಟು 2012ರ ಹೊತ್ತಿಗೆ ಭಾರತದ ರೋಗಿಗಳಲ್ಲಿ, ಮಣ್ಣಿನಲ್ಲಿಯೂ ಸಿಕ್ಕಿತು. ಆದ್ದರಿಂದ ಗಡ್ಡೆಯ ಚೂರನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಯಾವ ಮದ್ದಿಗೆ ಬಗ್ಗುತ್ತದೆ ಎಂದು ಪರೀಕ್ಷಿಸುವುದು ಗಿಡುಗದ ವೈದ್ಯರಿಗೂ, ನಮ್ಮ ಎದೆ ನೋಡುವ ವೈದ್ಯರಿಗೂ ಈಗ ಹೆಚ್ಚು ಹೆಚ್ಚು ಅಗತ್ಯವಾಗುತ್ತಿದೆ.