ಆಟದೊಳಗೆ ರಾಜಕೀಯ ತಂದವರು ಯಾರು? ದಕ್ಷಿಣ ಆಫ್ರಿಕಾ ಬಹಿಷ್ಕಾರದ ಪೂರ್ತಿ ಕತೆ

'ಆಟವನ್ನ ಆಟದ ಥರ ನೋಡಿ, ರಾಜಕೀಯ ತರಬೇಡಿ.' ಯಾವುದೋ ಒಂದು ದೇಶದ ಜೊತೆ ಆಡಬೇಕಾ ಬೇಡವಾ ಅನ್ನೋ ಚರ್ಚೆ ಎದ್ದಾಗಲೆಲ್ಲ ನಮ್ಮ ಟೈಮ್‌ಲೈನ್‌ಗಳಲ್ಲಿ ತೇಲಿ ಬರುವ ಮಾತು ಇದು. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ನಾಲ್ಕೇ ದಿನಕ್ಕೆ, ಅಂದರೆ 2022ರ ಫೆಬ್ರವರಿ 28ಕ್ಕೆ, ಫಿಫಾ ರಷ್ಯಾ ತಂಡಗಳನ್ನು ಅಮಾನತು ಮಾಡಿತು. ಗಾಜಾ ವಿಷಯದಲ್ಲಿ ಇಸ್ರೇಲ್ ಮೇಲೆ ಅಂಥದ್ದೇ ಕ್ರಮ ಯಾಕಿಲ್ಲ ಎಂದು ಕೇಳುವವರಿದ್ದಾರೆ. ಎರಡೂ ಕಡೆಯವರು ಉದಾಹರಣೆಗೆ ಎತ್ತಿಕೊಳ್ಳುವ ದೇಶ ಮಾತ್ರ ಒಂದೇ: ದಕ್ಷಿಣ ಆಫ್ರಿಕಾ. ಆದರೆ ಅಲ್ಲಿ ನಿಜಕ್ಕೂ ಏನಾಯ್ತು, ಎಷ್ಟು ವರ್ಷ ಹಿಡೀತು, ಯಾರು ಬೆಲೆ ತೆತ್ತರು ಅನ್ನೋದು ಚರ್ಚೆಯಲ್ಲಿ ಬರೋದೇ ಇಲ್ಲ. ಹಾಗಾಗಿ ಒಂದೇ ಕಡೆ ಸಿಗಲಿ ಅಂತ ಇದು.

ಮೊದಲು ಒಂದು ಅಂಕಿ ನೋಡಿ. ದಕ್ಷಿಣ ಆಫ್ರಿಕಾ ಮೊದಲ ಟೆಸ್ಟ್ ಆಡಿದ್ದು 1889ರಲ್ಲಿ. ಬಹಿಷ್ಕಾರಕ್ಕೆ ಮುಂಚಿನ ಕೊನೆಯ ಟೆಸ್ಟ್ 1970ರ ಮಾರ್ಚ್‌ನಲ್ಲಿ. ಈ 81 ವರ್ಷಗಳಲ್ಲಿ ಅದು ಟೆಸ್ಟ್ ಆಡಿದ್ದು ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಮಾತ್ರ. ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸ್ ಜೊತೆ ಒಂದೇ ಒಂದು ಟೆಸ್ಟ್ ಇಲ್ಲ. ಅಂದರೆ ಜಗತ್ತು ದಕ್ಷಿಣ ಆಫ್ರಿಕಾವನ್ನು ಹೊರಗಿಡುವ ಎಷ್ಟೋ ಮೊದಲೇ ಆ ದೇಶವೇ ಅರ್ಧ ಕ್ರಿಕೆಟ್ ಜಗತ್ತನ್ನು ಹೊರಗಿಟ್ಟಿತ್ತು. ಆಗ ಯಾರೂ ಅದನ್ನ 'ರಾಜಕೀಯ' ಅಂತ ಕರೀಲಿಲ್ಲ. ಅದು 'ಸಂಪ್ರದಾಯ' ಆಗಿತ್ತು.

ಮಳೆಯಲ್ಲಿ ನಿಂತ ಚಾಂಪಿಯನ್

1948ರಲ್ಲಿ ಡಿ.ಎಫ್. ಮಲಾನ್ ನೇತೃತ್ವದ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದ ಮೇಲೆ ಇದ್ದ ತಾರತಮ್ಯವೆಲ್ಲ ಕಾನೂನಿನ ರೂಪ ಪಡೆಯಿತು. 1950ರ ಕಾನೂನು ಪ್ರತಿಯೊಬ್ಬರನ್ನೂ ಜನಾಂಗವಾರು ನೋಂದಾಯಿಸಿತು. ಅದೇ ವರ್ಷದ ಇನ್ನೊಂದು ಕಾನೂನು ಯಾರು ಎಲ್ಲಿ ವಾಸಿಸಬೇಕು ಅಂತ ಗೆರೆ ಎಳೆಯಿತು. 1953ರದ್ದು ಪಾರ್ಕು, ಬೀಚು, ಬೆಂಚುಗಳನ್ನೂ ಹಂಚಿತು. ಬಿಳಿಯರು ಮತ್ತು ಇತರರು ಒಟ್ಟಿಗೆ ಆಡಬಾರದು ಅಂತ ಪ್ರತ್ಯೇಕ 'ಕ್ರೀಡಾ ಕಾನೂನು' ಮಾಡುವ ಅಗತ್ಯವೇ ಬರಲಿಲ್ಲ. ಒಂದೇ ಬಡಾವಣೆಯಲ್ಲಿ ಇರೋ ಹಾಗಿಲ್ಲ, ಒಂದೇ ಡ್ರೆಸಿಂಗ್ ರೂಮ್ ಬಳಸೋ ಹಾಗಿಲ್ಲ, ಒಂದೇ ಕ್ಲಬ್ಬಿನಲ್ಲಿ ಊಟ ಮಾಡೋ ಹಾಗಿಲ್ಲ ಅಂದಮೇಲೆ ಒಂದೇ ತಂಡ ಎಲ್ಲಿಂದ ಬರಬೇಕು?

ಇದು ಹೇಗೆ ಕೆಲಸ ಮಾಡ್ತಿತ್ತು ಅಂತ ತಿಳಿಯೋಕೆ ಪಾಪ್ವಾ ಸೆವ್‌ಸುಂಕರ್ ಸೆವ್‌ಗೋಲಂ ಕತೆ ಸಾಕು. ಡರ್ಬನ್‌ನ ಭಾರತೀಯ ಮೂಲದ ಗಾಲ್ಫ್ ಆಟಗಾರ. ಸಾಹುಕಾರರ ಗಾಲ್ಫ್ ಕಿಟ್ ಹೊರುವ ಕ್ಯಾಡಿಯಾಗಿ ಶುರು ಮಾಡಿದ್ದು. ಎರಡು ಕೈಗಳನ್ನೂ ಅದಲುಬದಲು ಮಾಡಿ ಕ್ಲಬ್ ಹಿಡೀತಿದ್ದ ಈತನಿಗೆ ಯಾವ ಕೋಚೂ ಇರಲಿಲ್ಲ. ಆದರೂ 1959, 1960, 1964ರಲ್ಲಿ ಡಚ್ ಓಪನ್ ಗೆದ್ದರು. 1963ರಲ್ಲಿ ತಮ್ಮದೇ ಊರಿನಲ್ಲಿ ನಟಾಲ್ ಓಪನ್ ಗೆದ್ದಾಗ ಕ್ಲಬ್ ಹೌಸಿನ ಒಳಗೆ ಕಾಲಿಡುವ ಹಾಗಿರಲಿಲ್ಲ. ಬಿಳಿ ಆಟಗಾರರು ಒಳಗೆ ಬೆಚ್ಚಗೆ ಕೂತಿದ್ದರು, ಚಾಂಪಿಯನ್ ಹೊರಗೆ ಮಳೆಯಲ್ಲಿ ನಿಂತು ಟ್ರೋಫಿ ತಗೊಂಡರು. ಆ ಫೋಟೋ ಜಗತ್ತೆಲ್ಲ ಸುತ್ತಿತು. ಎರಡು ವರ್ಷದ ನಂತರ ಅದೇ ಟೂರ್ನಿಯಲ್ಲಿ ಗ್ಯಾರಿ ಪ್ಲೇಯರ್‌ರನ್ನೂ ಸೋಲಿಸಿದರು. ಆಮೇಲೆ ಸರ್ಕಾರ ಅವರಿಗೆ ಬಿಳಿಯರ ಟೂರ್ನಿಗಳ ಬಾಗಿಲನ್ನೇ ಮುಚ್ಚಿತು.

ಡಿ'ಒಲಿವೆರಾ: ಒಂದು ಸೆಂಚುರಿ, ಒಂದು ಬಿಕ್ಕಟ್ಟು

ಬೇಸಿಲ್ ಡಿ'ಒಲಿವೆರಾ ಕೇಪ್‌ಟೌನ್‌ನವರು. ಸರ್ಕಾರಿ ಪಟ್ಟಿಯಲ್ಲಿ 'ಕಲರ್ಡ್'. ಎಷ್ಟೇ ರನ್ ಹೊಡೆದರೂ ಸ್ವಂತ ದೇಶಕ್ಕೆ ಆಡುವ ಪ್ರಶ್ನೆಯೇ ಇಲ್ಲ. ಕಾಮೆಂಟೇಟರ್ ಜಾನ್ ಆರ್ಲಟ್‌ಗೆ ಪತ್ರ ಬರೆದರು. ಆರ್ಲಟ್ ನೆರವಿನಿಂದ 1960ರಲ್ಲಿ ಇಂಗ್ಲೆಂಡಿನ ಒಂದು ಲೀಗ್ ಕ್ಲಬ್ಬಿನಲ್ಲಿ ಜಾಗ ಸಿಕ್ಕಿತು. ವಯಸ್ಸಾಯ್ತು ಅಂತ ಬಿಟ್ಟುಬಿಡ್ತಾರೆ ಎಂಬ ಭಯಕ್ಕೆ ಹುಟ್ಟಿದ ವರ್ಷವನ್ನು ಮುಂದೆ ತಳ್ಳಿ ಹೇಳಿಕೊಂಡಿದ್ದರು. 1966ರಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡುವಾಗ ನಿಜವಾದ ವಯಸ್ಸು 34.

1968ರ ಚಳಿಗಾಲಕ್ಕೆ ಇಂಗ್ಲೆಂಡ್ ತಂಡ ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕಿತ್ತು. ಡಿ'ಒಲಿವೆರಾ ತಂಡದಲ್ಲಿದ್ದರೆ ಪ್ರವಾಸವೇ ರದ್ದು ಅನ್ನೋದು ಪ್ರಿಟೋರಿಯಾದ ಮನಸ್ಸಿನಲ್ಲಿತ್ತು. ಇದು ಎಂಸಿಸಿಯ ಕೆಲವು ದೊಡ್ಡವರಿಗೂ ಗೊತ್ತಿತ್ತು. ಒಂದು ತಂಬಾಕು ಕಂಪನಿಯ ಅಧಿಕಾರಿ ಬಂದು, 'ನಾನು ಪ್ರವಾಸಕ್ಕೆ ಲಭ್ಯ ಇಲ್ಲ ಅಂತ ಹೇಳಿಬಿಡಿ, ದಕ್ಷಿಣ ಆಫ್ರಿಕಾದಲ್ಲಿ ವರ್ಷಕ್ಕೆ 4,000 ಪೌಂಡಿನ ಕೋಚಿಂಗ್ ಕೆಲಸ ಕೊಡ್ತೀವಿ' ಅಂತ ಡಿ'ಒಲಿವೆರಾಗೆ ಆಮಿಷ ಒಡ್ಡಿದ. ಆ ಕಾಲಕ್ಕೆ ಒಬ್ಬ ಕೌಂಟಿ ಆಟಗಾರನಿಗೆ ಅದು ಕನಸಿನ ದುಡ್ಡು.

ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಕೊನೆಯ ಟೆಸ್ಟ್. ಇನ್ನೊಬ್ಬ ಬ್ಯಾಟ್ಸ್‌ಮನ್ ಹೊರಗುಳಿದಿದ್ದರಿಂದ ಡಿ'ಒಲಿವೆರಾಗೆ ಅವಕಾಶ ಸಿಕ್ಕಿತು. ಹೊಡೆದದ್ದು 158. ಕೆಲವೇ ದಿನಗಳಲ್ಲಿ ಪ್ರವಾಸದ ತಂಡ ಪ್ರಕಟವಾಯಿತು. ಅವರ ಹೆಸರಿಲ್ಲ! ಕ್ರಿಕೆಟ್ ಕಾರಣ ಮಾತ್ರ ಅಂತ ಆಯ್ಕೆಗಾರರು ಸಮರ್ಥಿಸಿಕೊಂಡರು. ಬ್ರಿಟನ್ನಿನಲ್ಲಿ ನಂಬಿದವರು ಕಡಿಮೆ. ಮೂರು ವಾರದೊಳಗೆ ಟಾಮ್ ಕಾರ್ಟ್‌ರೈಟ್ ಗಾಯದಿಂದ ಹಿಂದೆ ಸರಿದರು, ಡಿ'ಒಲಿವೆರಾ ಒಳಗೆ ಬಂದರು. ಮರುದಿನವೇ ಪ್ರಧಾನಿ ಬಿ.ಜೆ. ಫಾರ್‌ಸ್ಟರ್ ಬ್ಲೂಮ್‌ಫಾಂಟೇನ್‌ನಲ್ಲಿ ಭಾಷಣ ಮಾಡಿ, ಇದು ಕ್ರಿಕೆಟ್ ತಂಡವಲ್ಲ, ವರ್ಣಭೇದ ವಿರೋಧಿ ಚಳವಳಿಯ ತಂಡ ಎಂದರು. ಸೆಪ್ಟೆಂಬರ್ 24ಕ್ಕೆ ಪ್ರವಾಸ ರದ್ದಾಯಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಪ್ರವಾಸವನ್ನು ನಿಲ್ಲಿಸಿದ್ದು ಹೋರಾಟಗಾರರಲ್ಲ, ವರ್ಣಭೇದ ಸರ್ಕಾರ. ಎದುರಾಳಿ ತಂಡದ ಹನ್ನೊಂದು ಜನರನ್ನು ಕೂಡ ತಾನೇ ಆರಿಸ್ತೀನಿ ಅಂತ ಒಬ್ಬ ಪ್ರಧಾನಿ ಹೇಳಿದ ಮೇಲೆ, 'ಆಟ ಬೇರೆ ರಾಜಕೀಯ ಬೇರೆ' ಅನ್ನುವ ವಾದಕ್ಕೆ ನಿಲ್ಲೋಕೆ ನೆಲವೇ ಉಳಿಯಲಿಲ್ಲ.

ರಸ್ತೆಗಿಳಿದವರು

ಬಹಿಷ್ಕಾರದ ಬೀಜ ಇದಕ್ಕಿಂತ ಹಳೆಯದು. ಕವಿ ಡೆನಿಸ್ ಬ್ರೂಟಸ್ ಮತ್ತು ಗೆಳೆಯರು 1960ರ ದಶಕದ ಆರಂಭದಲ್ಲೇ ವರ್ಣಭೇದವಿಲ್ಲದ ಒಲಿಂಪಿಕ್ ಸಮಿತಿ ಬೇಕು ಎಂದು ಸ್ಯಾನ್‌ರಾಕ್ ಸಂಘಟನೆ ಕಟ್ಟಿದ್ದರು. ಬ್ರೂಟಸ್‌ಗೆ ಸಿಕ್ಕ ಪ್ರತಿಫಲ: 1963ರಲ್ಲಿ ತಪ್ಪಿಸಿಕೊಳ್ಳುವಾಗ ಪೊಲೀಸರ ಗುಂಡೇಟು, ಆಮೇಲೆ ರಾಬೆನ್ ದ್ವೀಪದ ಜೈಲು. ಆದರೆ ಅವರ ಕೆಲಸ ನಿಲ್ಲಲಿಲ್ಲ. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ದಕ್ಷಿಣ ಆಫ್ರಿಕಾಕ್ಕೆ ಆಹ್ವಾನ ಹಿಂತೆಗೆಯಲಾಯಿತು, 1970ರಲ್ಲಿ ಒಲಿಂಪಿಕ್ ಸಮಿತಿ ಹೊರಹಾಕಿತು. ಫುಟ್‌ಬಾಲ್‌ನಲ್ಲಿ ಆಫ್ರಿಕಾದ ಹೊಸ ಸ್ವತಂತ್ರ ದೇಶಗಳು ಇನ್ನೂ ಬೇಗ ಎಚ್ಚೆತ್ತಿದ್ದವು. ಫಿಫಾ ಮಾತ್ರ ಅಮಾನತು ಮಾಡಿ, ತೆಗೆದು, ಮತ್ತೆ ಮಾಡಿ, ಅಂತೂ ಪೂರ್ತಿ ಉಚ್ಚಾಟಿಸಿದ್ದು 1976ರಲ್ಲಿ. ನಾಲ್ಕು ದಿನದ ರಷ್ಯಾ ಲೆಕ್ಕಕ್ಕೆ ಇದನ್ನ ಹೋಲಿಸಿ ನೋಡಿ.

ಬ್ರಿಟನ್ನಿನಲ್ಲಿ ಪೀಟರ್ ಹೇನ್ ಎಂಬ ಹುಡುಗ, ಇನ್ನೂ ಇಪ್ಪತ್ತು ತುಂಬದವನು, 'ಸ್ಟಾಪ್ ದ ಸೆವೆಂಟಿ ಟೂರ್' ಅಭಿಯಾನದ ಮುಂದೆ ನಿಂತ. 1969-70ರ ರಗ್ಬಿ ಪ್ರವಾಸದ ಪಂದ್ಯಗಳೆಲ್ಲ ಪೊಲೀಸ್ ಕಾವಲಿನಲ್ಲೇ ನಡೆದವು. 1970ರ ಕ್ರಿಕೆಟ್ ಪ್ರವಾಸ ಮೇ ತಿಂಗಳಲ್ಲಿ ಸರ್ಕಾರದ ಮನವಿಯ ಮೇಲೆ ರದ್ದಾಯಿತು. ಮರುವರ್ಷ ಆಸ್ಟ್ರೇಲಿಯಾದಲ್ಲಿ ರಗ್ಬಿ ತಂಡದ ವಿರುದ್ಧ ಎಂಥ ಪ್ರತಿಭಟನೆ ಆಯಿತೆಂದರೆ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ತುರ್ತುಸ್ಥಿತಿ ಘೋಷಿಸಿದರು. ಅದಾದ ಮೇಲೆ ಕ್ರಿಕೆಟ್ ಪ್ರವಾಸವನ್ನು ಕೈಬಿಟ್ಟ ಮಂಡಳಿಗೆ ಅಧ್ಯಕ್ಷರು ಯಾರು ಗೊತ್ತಾ? ಡಾನ್ ಬ್ರಾಡ್‌ಮನ್.

ನ್ಯೂಜಿಲೆಂಡ್ ಕತೆ ಬೇರೆ. ದಕ್ಷಿಣ ಆಫ್ರಿಕಾಗೆ ಬೇಸರ ಆಗಬಾರದು ಅಂತ ದಶಕಗಳ ಕಾಲ ತನ್ನದೇ ಮಾವೊರಿ ಆಟಗಾರರನ್ನು ಬಿಟ್ಟು ಆಲ್ ಬ್ಲ್ಯಾಕ್ಸ್ ತಂಡ ಅಲ್ಲಿಗೆ ಹೋಗುತ್ತಿತ್ತು. 1970ರಲ್ಲಿ ಮಾವೊರಿಗಳನ್ನು 'ಗೌರವ ಬಿಳಿಯರು' ಅಂತ ಪರಿಗಣಿಸಿ ಒಳಗೆ ಬಿಟ್ಟರು. ಈ ಪದವನ್ನ ಎರಡು ಸಲ ಓದಿ. 1976ರ ಜೂನ್ 16ರಂದು ಸೊವೆಟೋದಲ್ಲಿ ಶಾಲಾ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ನಂತರವೂ ಆಲ್ ಬ್ಲ್ಯಾಕ್ಸ್ ಪ್ರವಾಸ ನಡೆಯಿತು. ಇದನ್ನು ಖಂಡಿಸಿ ಆಫ್ರಿಕಾದ ಇಪ್ಪತ್ತಕ್ಕೂ ಹೆಚ್ಚು ದೇಶಗಳು ಮಾಂಟ್ರಿಯಲ್ ಒಲಿಂಪಿಕ್ಸ್ ಬಿಟ್ಟು ನಡೆದವು. 1500 ಮೀಟರ್ ವಿಶ್ವದಾಖಲೆ ಹೊಂದಿದ್ದ ತಾಂಜಾನಿಯಾದ ಫಿಲ್ಬರ್ಟ್ ಬಾಯಿ ಓಡಲಿಲ್ಲ. ಚಿನ್ನ ಗೆದ್ದದ್ದು ನ್ಯೂಜಿಲೆಂಡಿನ ಜಾನ್ ವಾಕರ್. 1981ರಲ್ಲಿ ದಕ್ಷಿಣ ಆಫ್ರಿಕಾ ತಂಡ ನ್ಯೂಜಿಲೆಂಡಿಗೆ ಬಂದಾಗ ದೇಶ ಎರಡು ಹೋಳಾಯಿತು. ಹ್ಯಾಮಿಲ್ಟನ್‌ನಲ್ಲಿ ಪ್ರತಿಭಟನಾಕಾರರು ಮೈದಾನಕ್ಕೇ ನುಗ್ಗಿ ಪಂದ್ಯ ನಿಲ್ಲಿಸಿದರು. ಆಕ್ಲೆಂಡ್‌ನಲ್ಲಿ ಪುಟ್ಟ ವಿಮಾನದಿಂದ ಹಿಟ್ಟಿನ ಚೀಲಗಳು ಆಟಗಾರರ ಮೇಲೆ ಬಿದ್ದವು.

ಭಾರತ ಬಿಟ್ಟುಕೊಟ್ಟ ಕಪ್

ಈ ವಿಚಾರದಲ್ಲಿ ಭಾರತದ ದಾಖಲೆ ನಿಜಕ್ಕೂ ಹೆಮ್ಮೆ ಪಡುವಂಥದ್ದು. ಇವತ್ತಿನ ವಿದೇಶಾಂಗ ನೀತಿ ನೋಡಿ ಬೆಳೆದವರಿಗೆ ಸ್ವಲ್ಪ ಆಶ್ಚರ್ಯವೂ ಆಗಬಹುದು. 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತ್ತು. ಭಾರತದ ಪಾಸ್‌ಪೋರ್ಟ್‌ನಲ್ಲಿ ಆ ದೇಶಕ್ಕೆ ಪ್ರವೇಶವಿಲ್ಲ ಅಂತಲೇ ನಮೂದಾಗಿರುತ್ತಿತ್ತು.

1974ರಲ್ಲಿ ಡೇವಿಸ್ ಕಪ್ ಟೆನಿಸ್‌ನಲ್ಲಿ ಭಾರತ ಮನೆಯಂಗಳದಲ್ಲೇ ಆಸ್ಟ್ರೇಲಿಯಾವನ್ನು, ಆಮೇಲೆ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಫೈನಲ್ ತಲುಪಿತು. ವಿಜಯ್ ಮತ್ತು ಆನಂದ್ ಅಮೃತರಾಜ್ ಒಳ್ಳೆಯ ಫಾರ್ಮಿನಲ್ಲಿದ್ದರು. ಎದುರಾಳಿ ದಕ್ಷಿಣ ಆಫ್ರಿಕಾ. ಭಾರತ ಆಡಲಿಲ್ಲ, ಕಪ್ ವಾಕೋವರ್‌ನಲ್ಲಿ ಅವರ ಪಾಲಾಯಿತು. ಭಾರತ ಇನ್ನೆರಡು ಸಲ, 1966 ಮತ್ತು 1987ರಲ್ಲಿ, ಫೈನಲ್ ತಲುಪಿದೆ. ಇವತ್ತಿನವರೆಗೂ ಡೇವಿಸ್ ಕಪ್ ನಮಗೆ ಸಿಕ್ಕಿಲ್ಲ. ಬಹಿಷ್ಕಾರದ ಬಗ್ಗೆ ಮಾತಾಡುವಾಗ ಈ ಖರ್ಚಿನ ಬಾಬತ್ತನ್ನೂ ಬರೆದುಕೊಳ್ಳಬೇಕು. ನಿರ್ಧಾರ ತಗೊಳ್ಳುವವರು ಒಬ್ಬರು, ಜೀವಮಾನದ ಅವಕಾಶ ಕಳೆದುಕೊಳ್ಳುವವರು ಇನ್ನೊಬ್ಬರು.

ಆ ಕಡೆಯಲ್ಲೂ ಕಳೆದುಕೊಂಡವರಿದ್ದರು. ಬ್ಯಾರಿ ರಿಚರ್ಡ್ಸ್ ಆಡಿದ್ದು ನಾಲ್ಕೇ ಟೆಸ್ಟ್, ಸರಾಸರಿ 72.57. ಮೈಕ್ ಪ್ರಾಕ್ಟರ್ ಏಳು ಟೆಸ್ಟ್‌ಗಳಲ್ಲಿ 41 ವಿಕೆಟ್. ಕ್ರಿಕೆಟ್ ಬರಹಗಳಲ್ಲಿ ಇವರಿಬ್ಬರ 'ದುರಂತ'ದ ಬಗ್ಗೆ ಪುಟಗಟ್ಟಲೆ ಸಿಗುತ್ತೆ. ಅವಕಾಶವೇ ಸಿಗದೆ ಟೌನ್‌ಶಿಪ್‌ನ ಕಲ್ಲುನೆಲದಲ್ಲೇ ಮುಗಿದುಹೋದ ಕಪ್ಪು ಆಟಗಾರರಿಗೆ ಸರಾಸರಿಯೂ ಇಲ್ಲ, ಪುಟವೂ ಇಲ್ಲ.

ದುಡ್ಡಿನ ದಾರಿ

ಹೊರಗಿಟ್ಟ ಮೇಲೆ ದಕ್ಷಿಣ ಆಫ್ರಿಕಾ ಆಟಗಾರರನ್ನು ದುಡ್ಡು ಕೊಟ್ಟು ಕರೆಸಿಕೊಳ್ಳತೊಡಗಿತು. ಇವೇ 'ರೆಬೆಲ್' ಪ್ರವಾಸಗಳು. 1982ರಲ್ಲಿ ಗ್ರಹಾಂ ಗೂಚ್ ನಾಯಕತ್ವದ ಇಂಗ್ಲೆಂಡ್ ಆಟಗಾರರು ಹೋದರು, ಶಿಕ್ಷೆ ಮೂರು ವರ್ಷ. ಅದೇ ವರ್ಷ ಹೋದ ಶ್ರೀಲಂಕಾದವರಿಗೆ 25 ವರ್ಷ. 1983ರಲ್ಲಿ ಲಾರೆನ್ಸ್ ರೋ ಜೊತೆ ಹೋದ ವೆಸ್ಟ್ ಇಂಡೀಸ್ ಆಟಗಾರರಿಗೆ ಆಜೀವ ನಿಷೇಧ. ಒಂದೇ ತಪ್ಪು, ಮೂರು ರೇಟು. ನಿಷೇಧ ಮುಗಿಸಿ ಬಂದ ಗೂಚ್ ಆಮೇಲೆ ಇಂಗ್ಲೆಂಡ್ ನಾಯಕರಾದರು. ವೆಸ್ಟ್ ಇಂಡೀಸ್‌ನ ರಿಚರ್ಡ್ ಆಸ್ಟಿನ್ ಕಿಂಗ್‌ಸ್ಟನ್ ಬೀದಿಗಳಲ್ಲಿ ನಿರ್ಗತಿಕರಾಗಿ ಅಲೆದರು. ಇನ್ನೊಂದೆಡೆ ವಿವಿಯನ್ ರಿಚರ್ಡ್ಸ್ ಭಾರೀ ಮೊತ್ತದ ಆಹ್ವಾನವನ್ನು ತಿರಸ್ಕರಿಸಿದರು. ಕೊನೆಯ ಪ್ರವಾಸ 1990ರಲ್ಲಿ ಮೈಕ್ ಗ್ಯಾಟಿಂಗ್‌ದು. ಹೋದಲ್ಲೆಲ್ಲ ಪ್ರತಿಭಟನೆ. ಫೆಬ್ರವರಿ 11ಕ್ಕೆ ಮಂಡೇಲಾ ಹೊರಬಂದರು, ಪ್ರವಾಸ ಅರ್ಧಕ್ಕೇ ಮೊಟಕಾಯಿತು.

ಹಾಗಾದರೆ ಬಹಿಷ್ಕಾರ ಕೆಲಸ ಮಾಡಿತಾ?

ಉತ್ಸಾಹದಲ್ಲಿ 'ಕ್ರಿಕೆಟ್ ವರ್ಣಭೇದವನ್ನು ಉರುಳಿಸಿತು' ಅನ್ನುವವರಿದ್ದಾರೆ. ಅದು ಅತಿಯಾಯ್ತು. ಉರುಳಿಸಿದ್ದು ಅಲ್ಲಿನ ಜನ: ಕಾರ್ಮಿಕ ಸಂಘಗಳು, ವಿದ್ಯಾರ್ಥಿಗಳು, ಜೈಲಿನಲ್ಲಿ ಕೊಳೆತವರು. 1985ರಲ್ಲಿ ವಿದೇಶಿ ಬ್ಯಾಂಕುಗಳು ಸಾಲ ಮುಂದುವರಿಸಲು ನಿರಾಕರಿಸಿದ್ದು ಸರ್ಕಾರದ ಸೊಂಟ ಮುರಿಯಿತು. ಶೀತಲ ಸಮರ ಮುಗಿದದ್ದೂ ಸೇರಿಕೊಂಡಿತು. ಆದರೆ ತೈಲ ನಿರ್ಬಂಧವೋ ಶಸ್ತ್ರಾಸ್ತ್ರ ನಿರ್ಬಂಧವೋ ಸಾಮಾನ್ಯ ಬಿಳಿಯನ ಡ್ರಾಯಿಂಗ್ ರೂಮಿಗೆ ಬರುತ್ತಿರಲಿಲ್ಲ. ರಗ್ಬಿ ಇಲ್ಲದ ಶನಿವಾರ ಬರುತ್ತಿತ್ತು. ಜಗತ್ತು ನಮ್ಮನ್ನು ಒಪ್ಪಿಕೊಂಡಿಲ್ಲ ಅನ್ನೋದನ್ನು ಪ್ರತಿವಾರ ನೆನಪಿಸುವ ಕೆಲಸವನ್ನು ಆಟ ಮಾಡಿತು.

ಅದರ ತೂಕ ಎಷ್ಟು ಅಂತ 1992ರ ಮಾರ್ಚ್‌ನಲ್ಲಿ ಕಂಡಿತು. ಸುಧಾರಣೆ ಮುಂದುವರಿಯಬೇಕಾ ಎಂದು ಬಿಳಿಯರಿಗೆ ಮಾತ್ರ ಜನಮತಗಣನೆ ನಡೆದದ್ದು 17ರಂದು. ಆ ಹೊತ್ತಿಗೆ ಅವರ ತಂಡ ಮೊದಲ ಬಾರಿಗೆ ಕ್ರಿಕೆಟ್ ವಿಶ್ವಕಪ್ ಆಡುತ್ತಿತ್ತು. 'ಬೇಡ' ಅಂದರೆ ಮತ್ತೆ ಕತ್ತಲೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. 68.7% ಜನ 'ಬೇಕು' ಅಂದರು. ಐದು ದಿನದ ನಂತರ ಸೆಮಿಫೈನಲ್‌ನಲ್ಲಿ ಮಳೆ ನಿಯಮದಿಂದ ಒಂದು ಎಸೆತಕ್ಕೆ 21 ರನ್ ಬೇಕಾಯಿತು. ನಮ್ಮಲ್ಲಿ ಬಹಳ ಜನಕ್ಕೆ ಆ ವಿಶ್ವಕಪ್‌ನಿಂದ ನೆನಪಿರೋದು ಅದೊಂದೇ.

ಮರುಪ್ರವೇಶ ಆದದ್ದು ಭಾರತದಲ್ಲೇ. 1991ರ ನವೆಂಬರ್ 10, ಈಡನ್ ಗಾರ್ಡನ್ಸ್, ಕ್ಲೈವ್ ರೈಸ್ ನಾಯಕ. ಅಲನ್ ಡೊನಾಲ್ಡ್ ಐದು ವಿಕೆಟ್ ಕಿತ್ತರೂ ಭಾರತ ಗೆದ್ದಿತು. ಆಗ ಎಬಿ ಡಿವಿಲಿಯರ್ಸ್‌ಗೆ ಏಳು ವರ್ಷ. ಚಿನ್ನಸ್ವಾಮಿಯಲ್ಲಿ 'ಎಬಿಡಿ ಎಬಿಡಿ' ಅಂತ ಗಂಟಲು ಹರಿದುಕೊಂಡ ನಮ್ಮ ತಲೆಮಾರಿನವರು, ಅವರ ಹಿಂದಿನ ತಲೆಮಾರಿನ ಯಾವ ಬ್ಯಾಟ್ಸ್‌ಮನ್‌ಗೂ ಇಲ್ಲಿ ಕೂಗಲು ಆಗುತ್ತಿರಲಿಲ್ಲ.

ಆದರೆ ನಿಷೇಧ ತೆಗೆದ ತಕ್ಷಣ ತಂಡ ಬದಲಾಗಲಿಲ್ಲ. ಕಪ್ಪು ಆಫ್ರಿಕನ್ನರಿಂದ ಮೊದಲ ಟೆಸ್ಟ್ ಆಟಗಾರನಾಗಿ ಮಖಾಯಾ ಎನ್ಟಿನಿ ಬಂದದ್ದು 1998ರಲ್ಲಿ. 2016ರಲ್ಲಿ ಮಂಡಳಿ ಗುರಿ ನಿಗದಿ ಮಾಡಿತು: ಒಂದು ಋತುವಿನ ಸರಾಸರಿಯಲ್ಲಿ ಬಿಳಿಯರಲ್ಲದವರು ಕನಿಷ್ಠ ಆರು, ಅದರಲ್ಲಿ ಕಪ್ಪು ಆಫ್ರಿಕನ್ನರು ಇಬ್ಬರು. 'ಮೆರಿಟ್ ಸತ್ತಿತು' ಅನ್ನುವ ಕೂಗು ಅಲ್ಲೂ ಎದ್ದಿತು. ಮೀಸಲಾತಿ ಚರ್ಚೆ ಕೇಳಿ ಬೆಳೆದ ನಮಗೆ ಅದರ ಶಬ್ದ ಹೊಸದೇನಲ್ಲ. ಕೇಪ್‌ಟೌನ್‌ನ ಲಾಂಗಾ ಟೌನ್‌ಶಿಪ್‌ನ ಟೆಂಬಾ ಬವುಮಾ ನಾಯಕತ್ವದಲ್ಲೇ ತಂಡ 2025ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ವಿಶ್ವ ಟೆಸ್ಟ್ ಚಾಂಪಿಯನ್ ಆಯಿತು. ಎನ್ಟಿನಿ 101 ಟೆಸ್ಟ್ ಆಡಿ 390 ವಿಕೆಟ್ ತೆಗೆದರು. 2020ರಲ್ಲಿ ಅವರು ಒಂದು ಸಂದರ್ಶನದಲ್ಲಿ ಹೇಳಿದ್ದು: ಟೀಮ್ ಬಸ್ಸಿನಲ್ಲಿ ತನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ, ಹಾಗಾಗಿ ಬ್ಯಾಗನ್ನು ಡ್ರೈವರ್ ಕೈಗೆ ಕೊಟ್ಟು ಹೋಟೆಲಿನಿಂದ ಸ್ಟೇಡಿಯಂಗೆ ಓಡಿಕೊಂಡೇ ಹೋಗುತ್ತಿದ್ದರಂತೆ. ಜನ ಅದನ್ನ ಫಿಟ್‌ನೆಸ್ ಅಂದುಕೊಂಡಿದ್ದರು.