ನೌಬಾದಿನ ನೆಲದಡಿಯ ಒಗಟು

ಒಗಟು ಬಿಡಿಸುತ್ತ ಸಾಗುವ ವಿಡಿಯೋ ಗೇಮ್‌ಗಳನ್ನು ಆಡಿದವರಿಗೆ ಒಂದು ಅನುಭವ ಸಾಮಾನ್ಯ. ಕೊನೆಯ ಬಾಗಿಲು ತೆರೆಯುತ್ತದೆ, ಆಟ ಮುಗಿಯುತ್ತದೆ. ಆದರೆ ನಡುದಾರಿಯಲ್ಲಿ ಕಂಡ ಆ ಕೋಣೆ ಅಲ್ಲೇಕಿತ್ತು, ಗೋಡೆಯ ಮೇಲಿನ ಗುರುತಿಗೆ ಅರ್ಥವೇನು ಎಂಬ ಪ್ರಶ್ನೆ ಮನಸ್ಸಿನಲ್ಲೇ ಉಳಿದುಬಿಡುತ್ತದೆ. 1993ರಲ್ಲಿ ಬಂದ ‘ಮಿಸ್ಟ್’ ಎಂಬ ಆಟದಲ್ಲಿ ಆಟಗಾರ ನಿರ್ಜನ ದ್ವೀಪವೊಂದಕ್ಕೆ ಬಂದು ನಿಲ್ಲುತ್ತಾನೆ. ಅಲ್ಲಿ ಯಂತ್ರಗಳಿವೆ, ಪುಸ್ತಕಗಳಿವೆ, ದಾರಿ ತೋರುವವರಿಲ್ಲ. ಇರುವ ವಸ್ತುಗಳನ್ನೇ ನೋಡಿ, ಇಲ್ಲಿ ಏನು ನಡೆದಿರಬಹುದೆಂದು ಊಹಿಸಬೇಕು. ಬೀದರ್ ನಗರದ ಅಂಚಿನ ನೌಬಾದಿನಲ್ಲಿ, ನೆಲದಡಿಯ ಕಾಲುವೆಯ ಬಾಯಿಯ ಮುಂದೆ ನಿಂತವರ ಸ್ಥಿತಿಯೂ ಇದಕ್ಕಿಂತ ಹೆಚ್ಚು ಬೇರೆಯಲ್ಲ.

ಇಂಥ ಆಟಗಳ ಮೂಲವೂ ನೆಲದಡಿಯಲ್ಲೇ ಇದೆ ಎಂಬುದು ಕುತೂಹಲದ ಸಂಗತಿ. ಅಮೆರಿಕದ ವಿಲ್ ಕ್ರೌಥರ್ ವೃತ್ತಿಯಿಂದ ಕಂಪ್ಯೂಟರ್ ತಜ್ಞ, ಹವ್ಯಾಸದಿಂದ ಗುಹಾನ್ವೇಷಕ. ಕೆಂಟಕಿ ರಾಜ್ಯದ ಮ್ಯಾಮತ್ ಗುಹಾ ಸಮೂಹದಲ್ಲಿ ತೆವಳಿ, ಅಳೆದು, ನಕ್ಷೆ ಮಾಡಿದವನು. 1975-76ರ ಸುಮಾರಿಗೆ ಅವನು ಆ ಗುಹೆಯನ್ನೇ ಆಧರಿಸಿ ಚಿತ್ರವಿಲ್ಲದ, ಬರೀ ಅಕ್ಷರಗಳ ಆಟವೊಂದನ್ನು ರಚಿಸಿದ. 1977ರಲ್ಲಿ ಡಾನ್ ವುಡ್ಸ್ ಎಂಬಾತ ಅದನ್ನು ಬೆಳೆಸಿದ. ಸಾಹಸದ ಆಟಗಳ ವಂಶವೃಕ್ಷ ಶುರುವಾಗುವುದು ಇಲ್ಲಿಂದ.

ಈ ಆಟದ ಸುತ್ತಲೂ ಒಂದು ಪ್ರಶ್ನೆ ಬಹುಕಾಲ ಉಳಿದಿತ್ತು. ಇದರಲ್ಲಿ ಕ್ರೌಥರ್ ಬರೆದದ್ದೆಷ್ಟು, ವುಡ್ಸ್ ಸೇರಿಸಿದ್ದೆಷ್ಟು? ಕ್ರೌಥರನ ಮೂಲಪ್ರತಿ ಕಳೆದುಹೋಗಿದೆಯೆಂದೇ ಎಲ್ಲರೂ ನಂಬಿದ್ದರು. 2005ರಲ್ಲಿ ಅದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಳೆಯ ಕಂಪ್ಯೂಟರ್ ದಾಖಲೆಗಳಲ್ಲಿ ಸಿಕ್ಕಿತು. ಡೆನ್ನಿಸ್ ಜೆರ್ಜ್ ಎಂಬ ವಿದ್ವಾಂಸ ಅದನ್ನು ನಿಜವಾದ ಗುಹೆಯೊಂದಿಗೆ ಹೋಲಿಸಿ 2007ರಲ್ಲಿ ಪ್ರಬಂಧ ಪ್ರಕಟಿಸಿದ. ಕ್ರೌಥರ್ ಬರೀ ಗುಹೆಯನ್ನು ವರ್ಣಿಸಿದ್ದ, ಮಾಯಾಲೋಕವೆಲ್ಲ ವುಡ್ಸನದು ಎಂಬ ನಂಬಿಕೆ ತಪ್ಪೆಂದು ತಿಳಿಯಿತು. ಮಾಟ ಮಂತ್ರಗಳ ಅಂಶ ಮೂಲದಲ್ಲೇ ಇತ್ತು. ಉತ್ತರ ದೊರೆತದ್ದು ಎಲ್ಲೋ ಒಂದು ಪ್ರತಿ ಉಳಿದಿದ್ದರಿಂದ.

ಈಗ ಬೀದರಿಗೆ ಬರೋಣ. ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಾ 15ನೆಯ ಶತಮಾನದ ಮೊದಲರ್ಧದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದ. ಎತ್ತರದ ಪ್ರಸ್ಥಭೂಮಿಯ ಮೇಲಿನ ಪಟ್ಟಣ ರಕ್ಷಣೆಗೆ ಅನುಕೂಲ, ನೀರಿಗೆ ಕಷ್ಟ. ಆ ಕಷ್ಟಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು ಕರೇಜ್. ಜನರ ಬಾಯಲ್ಲಿ ಸುರಂಗ ಬಾವಿ. ಪರ್ಷಿಯಾದಲ್ಲಿ ಇದಕ್ಕೆ ಖನಾತ್ ಎಂದು ಹೆಸರು. ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ತಾಯಿಬಾವಿ ತೋಡುತ್ತಾರೆ. ತಗ್ಗಿನ ಕಡೆಯಿಂದ ಅದರತ್ತ ನೆಲದಡಿಯಲ್ಲೇ ಸುರಂಗ ಕೊರೆಯುತ್ತಾರೆ. ನಡುನಡುವೆ ಮಣ್ಣೆತ್ತಲು, ಗಾಳಿಯಾಡಲು ನೇರವಾದ ಬಾವಿಗಳು. ಇಳಿಜಾರು ಅತಿ ಸೌಮ್ಯವಾಗಿರಬೇಕು. ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ರಾಟೆ, ಎತ್ತು ಯಾವುದೂ ಬೇಡ. ನೀರು ತನ್ನ ಭಾರದಿಂದಲೇ ಹರಿದುಬರುತ್ತದೆ, ಬಿಸಿಲಿಗೆ ಆವಿಯಾಗುವುದೂ ಇಲ್ಲ.

ಬೀದರಿನ ನೆಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ದಪ್ಪ ಪದರ, ಕೆಳಗೆ ಗಟ್ಟಿ ಕಪ್ಪು ಬಸಾಲ್ಟ್ ಬಂಡೆ. ಮಳೆನೀರು ಜಂಬಿಟ್ಟಿಗೆಯಲ್ಲಿ ಇಂಗಿ ಬಂಡೆಯ ಮೇಲೆ ಬಂದು ತಡೆಯುತ್ತದೆ. ಎರಡೂ ಕೂಡುವಲ್ಲಿ, ಪ್ರಸ್ಥಭೂಮಿಯ ಅಂಚಿನಲ್ಲಿ, ಅದು ಝರಿಯಾಗಿ ಹೊರಬೀಳುತ್ತದೆ. ನಾನಕ್ ಝೀರಾ, ಪಾಪನಾಶ ಇಂಥ ಝರಿಗಳೇ. ಎದೆಮಟ್ಟದ ನೀರಿನಲ್ಲಿ ಗುಹೆ ಹೊಕ್ಕು ಝರಣಿ ನರಸಿಂಹನ ದರ್ಶನ ಮಾಡಿದವರಿಗೆ ಈ ನೆಲದ ಗುಣ ಮೈಯಿಂದಲೇ ಗೊತ್ತು. ಇದೇ ಜಿಲ್ಲೆಯ ಭಾಲ್ಕಿ, ಔರಾದ್ ತಾಲ್ಲೂಕುಗಳ ಮಾತು ಬೇರೆ. ಅವುಗಳ ಬಹುಭಾಗ ಕರಿಮಣ್ಣಿನ ಸೀಮೆ. ನೀರು ಹಿಡಿದಿಟ್ಟು ನಿಧಾನವಾಗಿ ಬಿಡುವ ಜಂಬಿಟ್ಟಿಗೆ ಅಲ್ಲಿಲ್ಲದ ಕಡೆ ತೆರೆದ ಬಾವಿ, ಹಳ್ಳ, ಮಾಂಜ್ರಾ ನದಿಗಳೇ ಗತಿ. ಎಲ್ಲಿ ಅಗೆದರೆ ಫಲ, ಎಲ್ಲಿ ವ್ಯರ್ಥ ಎಂಬುದನ್ನು ಕರೇಜ್ ತೋಡಿದವರು ಬಲ್ಲವರಾಗಿದ್ದರು.

ಬಲ್ಲವರು ಯಾರು? ಮೊದಲ ಪ್ರಶ್ನೆ ಇದು. ಅಹಮದ್ ಶಾ ಪರ್ಷಿಯಾದ ಕಿರ್ಮಾನಿನ ಸೂಫಿ ಶಾ ನಿಯಾಮತುಲ್ಲಾರ ಮನೆತನದವರನ್ನು ಬೀದರಿಗೆ ಕರೆಸಿಕೊಂಡಿದ್ದ. ಅವರ ಮಗ ಖಲೀಲುಲ್ಲಾರ ಸಮಾಧಿ ‘ಚೌಖಂಡಿ’ ಅಷ್ಟೂರಿನ ದಾರಿಯಲ್ಲಿದೆ. ಕಿರ್ಮಾನ್ ಖನಾತ್‌ಗಳ ನಾಡು. ವಿದ್ಯೆ ಆ ಕಡೆಯಿಂದ ಬಂದಿತೆಂದು ಊಹಿಸುವುದು ಸುಲಭ. ಆದರೆ ಗುದ್ದಲಿ ಹಿಡಿದ ಕೈ ಯಾವುದು? ಪರ್ಷಿಯಾದ ಕುಶಲಕರ್ಮಿಗಳೇ ಬಂದರೋ, ಜಂಬಿಟ್ಟಿಗೆಯ ಸ್ವಭಾವ ಬಲ್ಲ ಸ್ಥಳೀಯ ಒಡ್ಡರು ಅವರಿಂದ ಕಲಿತರೋ? ಹೆಸರುಗಳು ಉಳಿದಿಲ್ಲ.

ಎರಡನೆಯ ಪ್ರಶ್ನೆ ನಕ್ಷೆಯದು. ಬೀದರಿನಲ್ಲಿ ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಮೂರು ವ್ಯವಸ್ಥೆಗಳನ್ನು ಗುರುತಿಸಲಾಗಿದೆ. ಶುಕ್ಲತೀರ್ಥ ಎಲ್ಲಕ್ಕಿಂತ ಉದ್ದ. ಅದರ ತಾಯಿಬಾವಿ ಗೋರ್ನಳ್ಳಿ ಕೆರೆಯ ಬಳಿ ಪತ್ತೆಯಾಗಿದೆ. ಜಮ್ನಾ ಮೋರಿ ಹಳೆಯ ಊರಿನ ಬೀದಿಗಳ ಕೆಳಗೆ ನೀರು ಹಂಚುತ್ತಿದ್ದ ಜಾಲ. ಸುಮಾರು 3 ಕಿ.ಮೀ. ಉದ್ದದ, 20ಕ್ಕೂ ಹೆಚ್ಚು ಗಾಳಿಬಾವಿಗಳ ನೌಬಾದ್ ಕರೇಜ್ ಮಾತ್ರ ವಿಚಿತ್ರ. ಅದು ಕೋಟೆಯತ್ತ ಹರಿಯುವುದಿಲ್ಲ. ಅಷ್ಟು ಶ್ರಮದಿಂದ ತಂದ ನೀರು ಯಾರಿಗಾಗಿ? ಹೊಸ ಬಡಾವಣೆಯೊಂದನ್ನು ನೆಲೆಗೊಳಿಸುವ ಯೋಜನೆ ಇದ್ದಿರಬಹುದೆಂಬ ಊಹೆ ಉಂಟು. ಹಾಗಿದ್ದರೆ ಆ ಊರು ಏಕೆ ಏಳಲಿಲ್ಲ?

ಇಂಥ ವಿದ್ಯೆ ಎಲ್ಲ ಕಡೆಯೂ ಮೂಕವಾಗಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಜಂಬಿಟ್ಟಿಗೆಯನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ಇಂದಿಗೂ ಮನೆ ತೋಟಗಳಿಗೆ ನೀರುಣಿಸುತ್ತಿವೆ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಐದು ಸುರಂಗ ಕೊರೆದು ಸೋತು, ಆರನೆಯದರಲ್ಲಿ ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಕಲ್ಲಿನ ತೇವ ನೋಡಿ ನೀರಿನ ದಿಕ್ಕು ತಿಳಿಯುವುದು ಹೇಗೆ ಎಂದು ಕರಾವಳಿಯಲ್ಲಿ ಕೊರೆದವರನ್ನೇ ಕೇಳಬಹುದು. ಬೀದರಿನಲ್ಲಿ ಕೇಳಬೇಕಾದ್ದು ಸುರಂಗವನ್ನೇ.

ಸುರಂಗ ಉತ್ತರ ಕೊಡುತ್ತದೆ ಎಂಬುದಕ್ಕೆ ಸಾಕ್ಷಿಯೂ ಸಿಕ್ಕಿದೆ. 2015ರಲ್ಲಿ ನೌಬಾದ್ ಕರೇಜಿನ ಹೂಳೆತ್ತುವ ಕೆಲಸ ಆರಂಭವಾದಾಗ ಮುಚ್ಚಿಹೋಗಿದ್ದ ಬಾವಿಗಳು ಬೆಳಕಿಗೆ ಬಂದವು, ನೀರು ಮತ್ತೆ ಕಾಣಿಸಿತು. ಗುದ್ದಲಿಯ ಗುರುತು ಅಗೆದ ದಿಕ್ಕನ್ನು ಹೇಳುತ್ತದೆ. ತಳದ ಇಳಿಜಾರು ಅಳತೆಯ ಜಾಣ್ಮೆಯನ್ನು ಹೇಳುತ್ತದೆ. ಬಾವಿಗಳ ಸಾಲು ಹಿಡಿದು ಹೋದರೆ ನೀರು ಎಲ್ಲಿಂದ ಎಲ್ಲಿಗೆ ಎಂಬುದು ತಿಳಿಯುತ್ತದೆ. ಇದು ಇತಿಹಾಸಕಾರರ ಕುತೂಹಲ ಮಾತ್ರವಲ್ಲ. ಇಂದಿನ ಬೀದರ್ ನಗರ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಕಾರಂಜಾ ಜಲಾಶಯದ ನೀರನ್ನು ನೆಚ್ಚಿದೆ. ಮಳೆ ಕೈಕೊಟ್ಟ ವರ್ಷ ಜಲಾಶಯ ತಳ ಕಾಣುತ್ತದೆ. ಊರಿನ ಕಾಲಡಿಯಲ್ಲೇ ನೀರು ಎಲ್ಲಿ ಇಂಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕ ಆಗ ಬೇಕಾಗುತ್ತದೆ.

ಕ್ರೌಥರನ ಆಟದ ಪ್ರತಿ ದೂರದ ಕಂಪ್ಯೂಟರಿನಲ್ಲಿ 30 ವರ್ಷ ಸುರಕ್ಷಿತವಾಗಿತ್ತು. ಕರೇಜಿಗೆ ಹಾಗೆ ಬೇರೊಂದು ಪ್ರತಿಯಿಲ್ಲ. ಬೆಳೆಯುವ ಊರಿನಲ್ಲಿ ಗಾಳಿಬಾವಿ ಬರೀ ಹಾಳು ಗುಂಡಿಯಂತೆ ಕಾಣುತ್ತದೆ. ಅದಕ್ಕೆ ಕಸ ಸುರಿಯುವುದು, ಮಣ್ಣು ತುಂಬಿ ಮೇಲೆ ಮನೆ ಕಟ್ಟುವುದು ಕಷ್ಟವಲ್ಲ. ತುಂಬಿದ ಮೇಲೆ ಆ ಸಾಲಿನ ಮುಂದಿನ ಬಾವಿ ಎಲ್ಲಿತ್ತೆಂದು ಹುಡುಕುವುದೇ ಕಷ್ಟ. ಪ್ರಶ್ನೆಗಳು ಆರು ಶತಮಾನ ಕಾದಿವೆ, ಇನ್ನೂ ಕಾಯಬಲ್ಲವು. ಬಾವಿಗಳ ಬಾಯಿ ತೆರೆದಿರಬೇಕು, ಅಷ್ಟೆ.