ರಬ್ಬರಿಲ್ಲದ ಗೆರೆ

ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಹವ್ಯಾಸಗಳಲ್ಲಿ ಒಂದು, ಪೇಟೆಯ ನಡುವೆ ಕುಳಿತು ಚಿತ್ರ ಬರೆಯುವುದು. ಮೊದಮೊದಲು ಮೈಸೂರಿನ ದೇವರಾಜ ಮಾರುಕಟ್ಟೆಯ ಬಳಿ ಕುಳಿತರೆ ಕೈ ಬಿಗಿದುಕೊಳ್ಳುತ್ತಿತ್ತು. ಹೂವಾಡಗಿತ್ತಿಯ ಬುಟ್ಟಿಯ ಅಂಚನ್ನು ತಿದ್ದಿ ಮುಗಿಸುವಷ್ಟರಲ್ಲಿ ಆಕೆಯೇ ಎದ್ದು ಹೋಗಿರುತ್ತಿದ್ದಳು. ಹಾಳೆಯ ಮೇಲೆ ಉಳಿಯುತ್ತಿದ್ದುದು ರಬ್ಬರಿನಿಂದ ಉಜ್ಜಿ ಉಜ್ಜಿ ಮಸಿಯಾದ ಬುಟ್ಟಿಯೊಂದೇ.

ಈ ಬಿಗಿತ ನನ್ನೊಬ್ಬನದಲ್ಲ, ಅದಕ್ಕೊಂದು ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಕಲಾ ಅಕಾಡೆಮಿಗಳಲ್ಲಿ ವಿದ್ಯಾರ್ಥಿಯು ಮೊದಲು ಅಚ್ಚಿನ ಚಿತ್ರಗಳನ್ನೂ, ಬಳಿಕ ಪ್ಲಾಸ್ಟರ್ ಪ್ರತಿಮೆಗಳನ್ನೂ ನಕಲು ಮಾಡಬೇಕಾಗಿತ್ತು. ಜೀವಂತ ಮನುಷ್ಯನನ್ನು ಬರೆಯುವ ಸರದಿ ಆಮೇಲಿನದು. 1857ರಲ್ಲಿ ಆರಂಭವಾದ ಮುಂಬಯಿಯ ಜೆ. ಜೆ. ಕಲಾಶಾಲೆಗೂ ಈ ಪದ್ಧತಿ ಬಂದಿತು. ಪ್ರತಿಮೆ ಅಲುಗುವುದಿಲ್ಲ, ಅದನ್ನು ಬರೆಯುವ ಕೈಗೂ ಅವಸರವಿಲ್ಲ. ಪೇಟೆಯ ಬೀದಿ ಹಾಗಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವನು ಕಾನ್‌ಸ್ಟಾಂಟಿನ್ ಗೀಸ್ (1802-1892). ಕ್ರಿಮಿಯನ್ ಯುದ್ಧಭೂಮಿಯಿಂದ ಆತ ಲಂಡನ್ನಿನ ಸಚಿತ್ರ ಪತ್ರಿಕೆಯೊಂದಕ್ಕೆ ರೇಖಾಚಿತ್ರಗಳನ್ನು ಕಳುಹಿಸುತ್ತಿದ್ದ. ಗುಂಡು ಹಾರುವಲ್ಲಿ ತಿದ್ದುತ್ತ ಕೂರಲು ಯಾರಿಗೆ ಬಿಡುವು? ಮುಂದೆ ಪ್ಯಾರಿಸಿನಲ್ಲಿ ಹಗಲೆಲ್ಲ ಜನಜಂಗುಳಿಯಲ್ಲಿ ಅಲೆದು, ಕುದುರೆಗಾಡಿಗಳನ್ನೂ ಸೈನಿಕರನ್ನೂ ಬೆಡಗಿನ ಹೆಂಗಸರನ್ನೂ ಕಣ್ಣಲ್ಲಿ ತುಂಬಿಕೊಂಡು, ರಾತ್ರಿ ದೀಪದಡಿ ನೆನಪಿನಿಂದ ಬರೆಯುತ್ತಿದ್ದ. ಕವಿ ಬೋದಿಲೇರ್ 1863ರಲ್ಲಿ ಇವನನ್ನು ಕುರಿತು ದೀರ್ಘ ಪ್ರಬಂಧವನ್ನೇ ಬರೆದ; ಕಲಾವಿದನ ಸಂಕೋಚವನ್ನು ಮನ್ನಿಸಿ ಅದರಲ್ಲಿ ಪೂರ್ಣ ಹೆಸರನ್ನು ಮರೆಮಾಡಿದ. ಗೀಸನ ಕ್ರಮವನ್ನೂ ಆತ ವಿವರಿಸಿದ್ದಾನೆ: ಮೊದಲು ಯಾವುದು ಎಲ್ಲಿದೆ ಎಂಬಷ್ಟನ್ನೇ ತಿಳಿಸುವ ಕೆಲವು ತೆಳುವಾದ ಪೆನ್ಸಿಲ್ ಗುರುತು, ಬಳಿಕ ನೀರುಬಣ್ಣದ ನೆರಳು, ಕಟ್ಟಕಡೆಗೆ ಶಾಯಿಯ ಅಂಚು. ಹೀಗಾಗಿ ಯಾವ ಹಂತದಲ್ಲಿ ನಿಲ್ಲಿಸಿದರೂ ಚಿತ್ರವು ಅಪೂರ್ಣವೆನಿಸುತ್ತಿರಲಿಲ್ಲ.

ನನ್ನ ತಪ್ಪು ಇಲ್ಲಿ ತಿಳಿಯಿತು. ನಾನು ಅಂಚಿನಿಂದ ಆರಂಭಿಸುತ್ತಿದ್ದೆ. ಗೀಸ್ ಅಂಚಿನಲ್ಲಿ ಮುಗಿಸುತ್ತಿದ್ದ. ಗೆರೆ ಸಡಿಲವಾಗುವುದೆಂದರೆ ಅಲಕ್ಷ್ಯವಲ್ಲ. ಇಡಿಯನ್ನು ಮೊದಲು ಹಿಡಿದು, ಬಿಡಿಯನ್ನು ಆಮೇಲೆ ನೋಡಿಕೊಳ್ಳುವ ಶಿಸ್ತು.

ನಮ್ಮವರೇ ಆದ ಕೆ. ಕೆ. ಹೆಬ್ಬಾರರು (1911-1996) ಇದಕ್ಕೆ ಇನ್ನೊಂದು ನಿದರ್ಶನ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಅದೇ ಜೆ. ಜೆ. ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು. ಆದರೂ ಲಯವನ್ನು ತಿಳಿಯಬೇಕೆಂದು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಅವರ ನರ್ತಕಿಯರ ರೇಖಾಚಿತ್ರಗಳಲ್ಲಿ ಗೆರೆಯು ದೇಹದ ಅಂಚನ್ನಲ್ಲ, ಚಲನೆಯನ್ನು ಹಿಂಬಾಲಿಸುತ್ತದೆ. ಶಾಸ್ತ್ರವನ್ನು ಕಲಿತ ಕೈಯೂ ಸಡಿಲಗೊಳ್ಳಬಲ್ಲದು ಎಂಬ ಧೈರ್ಯ ನನಗೆ ಬಂದದ್ದು ಅವರಿಂದ. ಇತ್ತೀಚೆಗೆ, 2007ರಲ್ಲಿ, ಅಮೆರಿಕದ ಸಿಯಾಟಲ್ ನಗರದ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೋ ಆರಂಭಿಸಿದ ‘ಅರ್ಬನ್ ಸ್ಕೆಚರ್ಸ್’ ಬಳಗವೂ ಸ್ಥಳದಲ್ಲೇ ಕುಳಿತು, ಕಂಡದ್ದನ್ನು ಬರೆಯುವುದನ್ನೇ ನಿಯಮವಾಗಿಸಿಕೊಂಡಿತು.

ಇದನ್ನೆಲ್ಲ ಓದುವಾಗ ಒಂದು ನೆನಪು ಕಾಡುತ್ತದೆ. ಹಲವು ವರ್ಷಗಳ ಹಿಂದೆ ಹುಡುಗನೊಬ್ಬ ಇತಿಹಾಸದ ನೋಟುಪುಸ್ತಕದ ಹಿಂಬದಿಯಲ್ಲಿ ದನದ ಸಂತೆಯನ್ನು ಬರೆದಿದ್ದ. ಎತ್ತಿಗೆ ಆರು ಕಾಲು. “ಇದೇನೋ?” ಎಂದು ಗದರಿದೆ. “ಅದು ನಿಲ್ಲಲೇ ಇಲ್ಲ ಸಾರ್” ಎಂದ. ತರಗತಿಯೆಲ್ಲ ನಕ್ಕಿತು. ನಾನೇ ಅದನ್ನು ರಬ್ಬರಿನಿಂದ ಅಳಿಸಿ, ನೆಟ್ಟಗೆ ಬರೆಯಲು ಹೇಳಿದೆ. ಆತ ಮತ್ತೆ ಬರೆದದ್ದನ್ನು ನಾನು ಕಾಣಲಿಲ್ಲ. ಬೋಧಕನಾಗಿ ನನಗೆ ತಿಳಿಯದಿದ್ದುದು ಆ ಬಾಲಕನಿಗೆ ಆಗಲೇ ತಿಳಿದಿತ್ತು.

ಈಗ ನಾನು ಮಾರುಕಟ್ಟೆಗೆ ಹೊರಡುವಾಗ ರಬ್ಬರನ್ನು ಮೇಜಿನ ಮೇಲೆಯೇ ಬಿಟ್ಟುಬರುತ್ತೇನೆ. ಶಾಯಿಯ ಪೆನ್ನು, ಒಬ್ಬೊಬ್ಬರಿಗೆ ಎರಡೇ ನಿಮಿಷ, ಮಣಿಕಟ್ಟಿನ ಬದಲು ಭುಜದಿಂದ ಹೊರಡುವ ಗೆರೆ. ತಪ್ಪಿದ ಗೆರೆಯ ಪಕ್ಕದಲ್ಲೇ ಇನ್ನೊಂದನ್ನು ಎಳೆಯುತ್ತೇನೆ. ಮೊನ್ನೆ ಬರೆದ ಹೂವಾಡಗಿತ್ತಿಗೆ ಮೂರು ಕೈಗಳಿವೆ. ಅಳಿಸಿಲ್ಲ.